ಅಲ್ ಕಪೋನ್ ಊರಿನ ಖಾಲಿ ಸೈಟುಗಳು

ಶಿವಮೊಗ್ಗದಲ್ಲಿ ಊರವರ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವುದು ನನ್ನ ಕಸುಬು. ಶಿಕಾಗೊ ಹತ್ತಿರದ ನೇಪರ್‌ವಿಲ್‌ನಲ್ಲಿರುವ ತಮ್ಮನ ಮನೆಗೆ ಹೊರಟಾಗ ಎಲ್ಲರೂ "ನಯಾಗರ ನೋಡ್ತೀರಾ?" ಅಂತ ಕೇಳಿದರು. ನನಗೆ ನೋಡಬೇಕಿದ್ದುದು 1920ರ ದಶಕದ ಶಿಕಾಗೊ ಗ್ಯಾಂಗ್‌ಸ್ಟರ್ ಅಲ್ ಕಪೋನ್ ಓಡಾಡಿದ ಜಾಗಗಳು. ಕೊಲೆ, ಕಳ್ಳ ಹೆಂಡ, ಜೂಜು, ಸೂಳೆಗಾರಿಕೆ, ಲಂಚ ಎಲ್ಲವನ್ನೂ ಜೀರ್ಣಿಸಿಕೊಂಡವನು ಕಡೆಗೆ ಜೈಲಿಗೆ ಹೋದದ್ದು ಆದಾಯ ತೆರಿಗೆ ಕಟ್ಟದ್ದಕ್ಕೆ. ನಮ್ಮ ಕಸುಬಿನವರು ಈ ಕಥೆಯನ್ನು ಬಿಡಲಿಕ್ಕೆ ಸಾಧ್ಯವೇ?

ತಮ್ಮನ ಮಗ ಕಾಲೇಜು ಹುಡುಗ, ರಜೆಯಲ್ಲಿದ್ದ. "ಅತ್ತೆ, ಅಲ್ಲಿ ಏನೂ ಉಳಿದಿಲ್ಲ. ಎಲ್ಲಾ ಪಾರ್ಕಿಂಗ್ ಲಾಟ್" ಅಂದ. ಮಧ್ಯಾಹ್ನದ ಪಿಜ್ಜಾ ನನ್ನ ಖರ್ಚು ಅಂತ ಆದ ಮೇಲೆ ಜೊತೆಗೆ ಬರಲು ಒಪ್ಪಿದ.

ಗುರುವಾರ: ವಬಾಶ್ ಅವೆನ್ಯೂ

ಬೆಳಿಗ್ಗೆ ಮೆಟ್ರಾ ರೈಲು ಹಿಡಿದು ಯೂನಿಯನ್ ಸ್ಟೇಷನ್ ತಲುಪಿದೆವು. ಸ್ವಲ್ಪ ನಡೆದು ಗ್ರೀನ್ ಲೈನ್ ಹತ್ತಿದೆವು. ಶಿಕಾಗೊದ ಈ ರೈಲು ರಸ್ತೆಯ ಮೇಲೆ ಕಬ್ಬಿಣದ ಕಂಬಗಳ ಮೇಲೆ ಓಡುತ್ತದೆ. ಎರಡನೇ ಮಹಡಿಯವರ ಕಿಟಕಿಯೊಳಗೆ ಇಣುಕುತ್ತಾ ಹೋಗಬಹುದು. ಸರ್ಮ್ಯಾಕ್ ರೋಡ್ ನಿಲ್ದಾಣದಲ್ಲಿ ಇಳಿದೆವು. ಕಪೋನ್ ಕಾಲದಲ್ಲಿ ಇದು 22ನೇ ಬೀದಿ. ಶಿಕಾಗೊದ ಮೇಯರ್ ಆಂಟನ್ ಸರ್ಮ್ಯಾಕ್ 1933ರಲ್ಲಿ ಮಯಾಮಿಯಲ್ಲಿ ಗುಂಡೇಟು ತಿಂದು ಸತ್ತ ಮೇಲೆ ರಸ್ತೆಗೆ ಅವನ ಹೆಸರು ಬಂತು.

ಹಿಂದೆ ಈ ಕಡೆಗೆ 'ಲೆವೀ' ಎನ್ನುತ್ತಿದ್ದರು. ಊರಿನ ಸೂಳೆಗೇರಿ. ಇಲ್ಲಿ 2126 ಸೌತ್ ವಬಾಶ್ ವಿಳಾಸದಲ್ಲಿ ಬಿಗ್ ಜಿಮ್ ಕೊಲೊಸಿಮೊ ಎಂಬವನ ದೊಡ್ಡ ಹೋಟೆಲ್ ಇತ್ತು. ಅವನ ಬಲಗೈ ನ್ಯೂಯಾರ್ಕಿನಿಂದ ಬಂದ ಜಾನಿ ಟೋರಿಯೊ. ಟೋರಿಯೊ ಮೆಲುಮಾತಿನವನು, ಲೆಕ್ಕಾಚಾರದ ಮನುಷ್ಯ. 1920ರ ಜನವರಿ 17ರಂದು ಅಮೆರಿಕದಲ್ಲಿ ಪಾನನಿಷೇಧ ಜಾರಿಗೆ ಬಂತು. ಕಳ್ಳ ಹೆಂಡದಲ್ಲಿ ಎಷ್ಟು ದುಡ್ಡಿದೆ ಎಂದು ಟೋರಿಯೊಗೆ ಗೊತ್ತಾಯಿತು. ಕೊಲೊಸಿಮೊಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಮೇ 11ರಂದು ತನ್ನದೇ ಹೋಟೆಲಿನೊಳಗೆ ಗುಂಡೇಟಿಗೆ ಸತ್ತ. ಯಾರಿಗೂ ಶಿಕ್ಷೆಯಾಗಲಿಲ್ಲ. ಗಲ್ಲಾ ಪೆಟ್ಟಿಗೆ ಟೋರಿಯೊ ಕೈಗೆ ಬಂತು.

ಟೋರಿಯೊ ಸಹಾಯಕ್ಕೆ ಅಂತ ಬ್ರೂಕ್ಲಿನ್‌ನಿಂದ ಕರೆಸಿಕೊಂಡ ಹುಡುಗನೇ ಕಪೋನ್. ಪಾನನಿಷೇಧ ಶುರುವಾದ ದಿನವೇ ಅವನಿಗೆ 21 ತುಂಬಿದ್ದು! ಹುಟ್ಟಿದ್ದು 1899ರ ಜನವರಿ 17. ಅಪ್ಪ ಇಟಲಿಯಿಂದ ಬಂದ ಕ್ಷೌರಿಕ, ಕಾನೂನಿನ ತಂಟೆಗೆ ಹೋಗದ ಮನುಷ್ಯ. ಮಗ 14ನೇ ವಯಸ್ಸಿಗೆ ಟೀಚರ್‌ಗೆ ಹೊಡೆದು ಶಾಲೆ ಬಿಟ್ಟ. ಕೋನಿ ಐಲ್ಯಾಂಡಿನ ಒಂದು ಬಾರ್‌ನಲ್ಲಿ ಕೆಲಸಕ್ಕಿದ್ದಾಗ ಗಿರಾಕಿಯೊಬ್ಬಳಿಗೆ ಕೊಳಕು ಮಾತಾಡಿದ. ಅವಳ ಅಣ್ಣ ಚಾಕು ತೆಗೆದು ಎಡಗಡೆ ಮುಖದ ಮೇಲೆ ಮೂರು ಗೆರೆ ಎಳೆದ. 'ಸ್ಕಾರ್‌ಫೇಸ್' ಹೆಸರು ಹುಟ್ಟಿದ್ದು ಅಲ್ಲಿಂದ. ಯುದ್ಧದಲ್ಲಿ ಆದ ಗಾಯ ಅಂತ ಹೇಳಿಕೊಳ್ಳುತ್ತಿದ್ದ. ಸೈನ್ಯದಲ್ಲಿ ಒಂದು ದಿನವೂ ಇರಲಿಲ್ಲ. ಫೋಟೊಗೆ ಸಾಮಾನ್ಯವಾಗಿ ಬಲಗೆನ್ನೆ ಕೊಡುತ್ತಿದ್ದ.

2222ನೇ ನಂಬರಿನಲ್ಲಿ 'ಫೋರ್ ಡ್ಯೂಸಸ್' ಇತ್ತು. ಕೆಳಗೆ ಬಾರ್, ಮೇಲೆ ಜೂಜು, ಅದರ ಮೇಲೆ ಹೆಂಗಸರು. ಕಪೋನ್ ಇಲ್ಲಿ ಕೆಲಸ ಕಲಿತ. ಆಗ ಅವನು ಅಚ್ಚು ಹಾಕಿಸಿದ್ದ ವಿಸಿಟಿಂಗ್ ಕಾರ್ಡಿನಲ್ಲಿ ಹಳೆ ಫರ್ನಿಚರ್ ವ್ಯಾಪಾರಿ ಎಂದಿತ್ತು. ನನಗೆ ನಗು ತಡೆಯಲಾಗಲಿಲ್ಲ. ರಿಟರ್ನಿನಲ್ಲಿ 'ಉದ್ಯೋಗ' ಕಾಲಮ್ಮಿಗೆ ಜನ ಬರೆಸುವ ಸುಳ್ಳುಗಳು ನನಗೆ ಹೊಸದಲ್ಲ. ಈಗ ಅಲ್ಲಿ ಖಾಲಿ ಜಾಗ. "ನಾನು ಹೇಳಲಿಲ್ವಾ?" ಅಂದ ಹುಡುಗ.

ಪಕ್ಕದ ಮಿಷಿಗನ್ ಅವೆನ್ಯೂಗೆ ಬಂದೆವು. ಕಪೋನ್ 1925ರ ನಂತರ ದರ್ಬಾರು ನಡೆಸಿದ ಮೆಟ್ರೊಪೋಲ್ ಹೋಟೆಲ್ ಇಲ್ಲ. 1928ರಲ್ಲಿ ಸ್ಥಳ ಬದಲಾಯಿಸಿದ ಲೆಕ್ಸಿಂಗ್ಟನ್ ಹೋಟೆಲ್ ಕೂಡ 1995ರಲ್ಲಿ ನೆಲಸಮವಾಯಿತು. ಅದರ ನೆಲಮಾಳಿಗೆಯಲ್ಲಿ ಕಪೋನ್‌ನ ರಹಸ್ಯ ಖಜಾನೆ ಇದೆ ಎಂದು 1986ರ ಏಪ್ರಿಲ್‌ನಲ್ಲಿ ಟಿವಿಯವರು ನೇರ ಪ್ರಸಾರ ಮಾಡಿ ಗೋಡೆ ಒಡೆಸಿದರು. ಸುಮಾರು 3 ಕೋಟಿ ಜನ ನೋಡಿದರು. ಸಿಕ್ಕಿದ್ದು ಮಣ್ಣು ಮತ್ತು ಖಾಲಿ ಬಾಟಲಿ. ಅದೇ ಸಾಲಿನಲ್ಲಿ 2120ನೇ ನಂಬರಿನಲ್ಲಿ ಚೆಸ್ ರೆಕಾರ್ಡ್ಸ್‌ನ ಹಳೇ ಸ್ಟುಡಿಯೊ ಇದೆ. ಬ್ಲೂಸ್ ಸಂಗೀತದ ದೊಡ್ಡ ದೊಡ್ಡವರು ಹಾಡಿದ ಜಾಗ. ಅದನ್ನು ಮಾತ್ರ ಜೋಪಾನವಾಗಿ ಉಳಿಸಿಕೊಂಡಿದ್ದಾರೆ. ಊರು ಯಾವುದನ್ನು ಇಟ್ಟುಕೊಂಡಿದೆ, ಯಾವುದನ್ನು ಬಿಟ್ಟಿದೆ ಎಂದು ಗಮನಿಸಲು ಶುರು ಮಾಡಿದ್ದು ನಾನು ಅಲ್ಲಿಂದ.

ಶುಕ್ರವಾರ: ಹೂವಿನಂಗಡಿ, ಗ್ಯಾರೇಜು, ಜಾಝ್

ನಾರ್ತ್ ಸ್ಟೇಟ್ ಸ್ಟ್ರೀಟ್‌ನಲ್ಲಿ ಹೋಲಿ ನೇಮ್ ಕೆಥೆಡ್ರಲ್ ಇದೆ. ಅದರ ಎದುರಿಗೆ 738ನೇ ನಂಬರಿನಲ್ಲಿ ಡೀನ್ ಓಬ್ಯಾನಿಯನ್‌ನ ಹೂವಿನಂಗಡಿ ಇತ್ತು. ಉತ್ತರ ಭಾಗದ ಐರಿಷ್ ಗ್ಯಾಂಗಿನ ನಾಯಕ ಅವನು. ಹೂವಿನ ಮೇಲೆ ನಿಜವಾಗಿಯೂ ಪ್ರೀತಿ ಇತ್ತಂತೆ. ಗ್ಯಾಂಗ್‌ಸ್ಟರ್‌ಗಳ ಶವಸಂಸ್ಕಾರಕ್ಕೆ ಹೂವು ಇಲ್ಲಿಂದಲೇ ಹೋಗಬೇಕು. 1924ರ ನವೆಂಬರ್ 10ರಂದು ಮೂವರು ಹೂವು ಕೊಳ್ಳುವ ನೆಪದಲ್ಲಿ ಬಂದರು. ಒಬ್ಬ ಕೈ ಕುಲುಕಿದ, ಬಿಡಲಿಲ್ಲ. ಉಳಿದವರು ಗುಂಡು ಹಾರಿಸಿದರು. ಅಲ್ಲಿಂದ ಶುರುವಾಯಿತು ಸೇಡಿನ ಸರಣಿ. 1925ರ ಜನವರಿಯಲ್ಲಿ ಓಬ್ಯಾನಿಯನ್ ಕಡೆಯವರು ಟೋರಿಯೊಗೆ ಅವನ ಮನೆ ಮುಂದೆಯೇ ಗುಂಡು ಹೊಡೆದರು. ಬದುಕಿಕೊಂಡ. ಆದರೆ ಸಾಕಾಯಿತು. ಇಡೀ ವ್ಯವಹಾರವನ್ನು ಕಪೋನ್‌ಗೆ ಬಿಟ್ಟು ಹೊರಟುಹೋದ. ಆಗ ಕಪೋನ್‌ಗೆ 26 ವರ್ಷ.

ಓಬ್ಯಾನಿಯನ್‌ನ ಜಾಗಕ್ಕೆ ಬಂದ ಹೈಮಿ ವೀಸ್ 1926ರ ಅಕ್ಟೋಬರ್ 11ರಂದು ಇದೇ ರಸ್ತೆಯಲ್ಲಿ ಹೆಣವಾದ. ಎದುರಿನ ಬಾಡಿಗೆ ಕೋಣೆಯ ಕಿಟಕಿಯಿಂದ ಹಾರಿಸಿದ ಗುಂಡುಗಳು ಚರ್ಚಿನ ಮೂಲೆಗಲ್ಲಿಗೂ ಬಡಿದು ಅಲ್ಲಿ ಕೆತ್ತಿದ್ದ ಬೈಬಲ್ ಸಾಲನ್ನು ಕಿತ್ತುಹಾಕಿದವು. ಚರ್ಚ್ ಈಗಲೂ ಇದೆ, ಬೆಳಗಿನ ಪ್ರಾರ್ಥನೆಗೆ ಜನ ಬರುತ್ತಿದ್ದರು. ಹೂವಿನಂಗಡಿ ಇದ್ದಲ್ಲಿ ಪಾರ್ಕಿಂಗ್ ಲಾಟ್. ಹುಡುಗ ಈ ಸಲ ಏನೂ ಹೇಳಲಿಲ್ಲ, ಹುಬ್ಬು ಮಾತ್ರ ಏರಿಸಿದ.

ಮಧ್ಯಾಹ್ನ ಲಿಂಕನ್ ಪಾರ್ಕ್ ಕಡೆಗೆ, 2122 ನಾರ್ತ್ ಕ್ಲಾರ್ಕ್ ಸ್ಟ್ರೀಟ್. ವಯಸ್ಸಾದವರ ವಸತಿ ಕಟ್ಟಡದ ಪಕ್ಕದಲ್ಲಿ ಬೇಲಿ ಹಾಕಿದ ಹುಲ್ಲುಹಾಸು, ನಾಲ್ಕಾರು ಮರ. ಫಲಕವಿಲ್ಲ, ಹೆಸರಿಲ್ಲ. 1929ರ ಫೆಬ್ರವರಿ 14, ವ್ಯಾಲೆಂಟೈನ್ಸ್ ಡೇ ಬೆಳಿಗ್ಗೆ ಇಲ್ಲಿದ್ದ ಗ್ಯಾರೇಜಿಗೆ ನಾಲ್ವರು ಬಂದರು. ಇಬ್ಬರು ಪೊಲೀಸ್ ಸಮವಸ್ತ್ರದಲ್ಲಿದ್ದರು. ಒಳಗಿದ್ದ ಏಳು ಜನರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಪೊಲೀಸ್ ತಪಾಸಣೆ ಅಂದುಕೊಂಡು ಅವರೂ ಸುಮ್ನೆ ನಿಂತರು. ಆಮೇಲೆ ಮೆಷಿನ್ ಗನ್. ಗುರಿಯಿದ್ದದ್ದು ಉತ್ತರ ಭಾಗದ ಗ್ಯಾಂಗಿನ ಆಗಿನ ನಾಯಕ ಬಗ್ಸ್ ಮೊರಾನ್ ಮೇಲೆ. ಅವನು ಬರುವುದು ತಡವಾಗಿ ಉಳಿದುಕೊಂಡ. ಫ್ರಾಂಕ್ ಗುಸೆನ್‌ಬರ್ಗ್ ಎಂಬವನು ಕೆಲವು ಗಂಟೆ ಜೀವ ಹಿಡಿದಿದ್ದ. ಯಾರು ಹೊಡೆದರು ಎಂದು ಪೊಲೀಸರು ಕೇಳಿದರೂ ಹೇಳಲಿಲ್ಲ.

ಸತ್ತವರ ಹೆಸರುಗಳಲ್ಲಿ ಇಬ್ಬರು ನನ್ನ ತಲೆಯಲ್ಲಿ ಉಳಿದಿದ್ದಾರೆ. ಒಬ್ಬ ಜಾನ್ ಮೇ, ಲಾರಿ ರಿಪೇರಿ ಮಾಡಲು ಬಂದ ಮೆಕ್ಯಾನಿಕ್. ಇನ್ನೊಬ್ಬ ರೈನ್‌ಹಾರ್ಟ್ ಶ್ವಿಮರ್, ಕನ್ನಡಕದ ಅಂಗಡಿಯವನು. ಅವನು ಗ್ಯಾಂಗಿನವನಲ್ಲ. ರೌಡಿಗಳ ಜೊತೆ ಕೂತು ಹರಟುವುದು, ಅವರು ತನಗೆ ಗೊತ್ತು ಎಂದು ಹೇಳಿಕೊಂಡು ತಿರುಗುವುದು ಅವನಿಗೆ ಇಷ್ಟ. ನಮ್ಮ ಹಾಗೆ ಬೇಲಿ ಹೊರಗೆ ನಿಂತು ಫೋಟೊ ತೆಗೆಯುತ್ತಿದ್ದ ಇನ್ನೂ ಮೂರು ಜನರಿದ್ದರು. ಶ್ವಿಮರ್ ನಮ್ಮ ಕುಲದವನೇ ಅಲ್ವಾ?

ಕಪೋನ್ ಅಂದು ಫ್ಲೋರಿಡಾದಲ್ಲಿದ್ದ. ಈ ಕೊಲೆಗಳಿಗೆ ಇವತ್ತಿನವರೆಗೂ ಯಾರಿಗೂ ಶಿಕ್ಷೆಯಾಗಿಲ್ಲ. ಆ ವರ್ಷದ ಕೊನೆಗೆ ಫ್ರೆಡ್ ಬರ್ಕ್ ಎಂಬ ಬಾಡಿಗೆ ಕೊಲೆಗಾರನ ಮನೆಯಲ್ಲಿ ಎರಡು ಮೆಷಿನ್ ಗನ್ ಸಿಕ್ಕವು. ಗುಂಡಿನ ಮೇಲಿನ ಗೆರೆಗಳನ್ನು ಹೋಲಿಸಿ ನೋಡುವ ಹೊಸ ವಿದ್ಯೆಯಲ್ಲಿ ಪಳಗಿದ ಕ್ಯಾಲ್ವಿನ್ ಗಾಡರ್ಡ್, ಅವೇ ಬಂದೂಕು ಎಂದು ತೋರಿಸಿಕೊಟ್ಟ. ಗ್ಯಾರೇಜನ್ನು 1967ರಲ್ಲಿ ಕೆಡವಿದರು. ಗುಂಡು ಬಿದ್ದ ಇಟ್ಟಿಗೆಗಳನ್ನು ಕೆನಡಾದ ವ್ಯಾಪಾರಿಯೊಬ್ಬ ಕೊಂಡುಕೊಂಡ. ಅವುಗಳಲ್ಲಿ ಹೆಚ್ಚಿನವು ಈಗ ಲಾಸ್ ವೇಗಸ್‌ನ ಮಾಬ್ ಮ್ಯೂಸಿಯಂನಲ್ಲಿವೆ.

ರಾತ್ರಿ ಗ್ರೀನ್ ಮಿಲ್ ಎಂಬ ಜಾಝ್ ಕ್ಲಬ್ಬಿಗೆ. ಹುಡುಗನಿಗೆ 21 ಆಗಿಲ್ಲ, ಒಳಗೆ ಬಿಡುವುದಿಲ್ಲ. ತಮ್ಮ ಆಫೀಸಿನಿಂದ ನೇರ ಬಂದ. ಹಸಿರು ಬಣ್ಣದ ದೀಪದ ಬೋರ್ಡು, ಒಳಗೆ ಮಬ್ಬು ಬೆಳಕು, ಬಾಗಿದ ಸೋಫಾಗಳು. ಎರಡೂ ಬಾಗಿಲು ಕಾಣುವ ಹಾಗೆ ಇರುವ ಒಂದು ಮೂಲೆ ಕಪೋನ್ ಕೂರುತ್ತಿದ್ದ ಜಾಗವಂತೆ. ಬಾರ್ ಹಿಂದೆ ನೆಲದಲ್ಲಿ ಒಂದು ಮುಚ್ಚಳ, ಕೆಳಗೆ ಹೋಗಲು. "ಅಕ್ಕ, ಏನು ತಗೊಳ್ತೀಯ?" ಅಂದ ತಮ್ಮ. ಸೋಡಾ ತಗೊಂಡೆ. ಇಲ್ಲಿ ಹಾಡುತ್ತಿದ್ದ ಜೋ ಇ. ಲೂಯಿಸ್ ಜಾಸ್ತಿ ಸಂಬಳಕ್ಕೆ ಬೇರೆ ಕ್ಲಬ್ಬಿಗೆ ಹೋದ. ಇಲ್ಲಿ ಪಾಲು ಇದ್ದ ಕಪೋನ್ ಬಂಟ ಜ್ಯಾಕ್ ಮೆಗರ್ನ್‌ನ ಕಡೆಯವರು 1927ರಲ್ಲಿ ಅವನ ಗಂಟಲು ಕೊಯ್ದರು. ಬದುಕಿದ. ಹಾಡು ಹೋಯಿತು, ಮುಂದೆ ಹಾಸ್ಯಗಾರನಾಗಿ ಹೆಸರು ಮಾಡಿದ. ವೇದಿಕೆಯ ಮೇಲೆ ಸ್ಯಾಕ್ಸೊಫೋನ್ ಶುರುವಾದಾಗ ಯಾರೂ ಮಾತಾಡುವಂತಿಲ್ಲ. ಮಾತಾಡಿದ ನಮ್ಮಿಬ್ಬರಿಗೂ ಪಕ್ಕದ ಮೇಜಿನಿಂದ 'ಶ್' ಬಂತು. ಕಪೋನ್ ಸಂಬಂಧದ ಜಾಗಗಳಲ್ಲಿ ನಿಜವಾಗಿ ಜೀವ ಇರುವುದು ಇದೊಂದೇ. ಅದೂ ಸಂಗೀತದಿಂದ.

ಶನಿವಾರ: ಸಿಸೆರೊ

ಪಿಂಕ್ ಲೈನಿನ ಕೊನೆಯ ನಿಲ್ದಾಣ ಸಿಸೆರೊ ಪಟ್ಟಣದಲ್ಲಿದೆ. ಶಿಕಾಗೊಗೆ ಅಂಟಿಕೊಂಡಿದ್ದರೂ ಬೇರೆ ಆಡಳಿತ. 1923ರಲ್ಲಿ ಶಿಕಾಗೊಗೆ ಕಟ್ಟುನಿಟ್ಟಿನ ಮೇಯರ್ ಬಂದದ್ದರಿಂದ ಗ್ಯಾಂಗ್ ಇಲ್ಲಿಗೆ ಗುಳೆ ಬಂತು. 1924ರ ಏಪ್ರಿಲ್ 1ರ ಚುನಾವಣೆಯಲ್ಲಿ ಕಪೋನ್ ಹುಡುಗರು ಮತಗಟ್ಟೆಗಳ ಮುಂದೆ ಬಂದೂಕು ಹಿಡಿದು ನಿಂತರು. ತಮಗೆ ಬೇಕಾದವರನ್ನು ಗೆಲ್ಲಿಸಿಕೊಂಡರು. ಅದೇ ದಿನ ಶಿಕಾಗೊದಿಂದ ಕಳಿಸಿದ್ದ ಪೊಲೀಸರ ಗುಂಡಿಗೆ ಕಪೋನ್‌ನ ಅಣ್ಣ ಫ್ರಾಂಕ್ ಸತ್ತ. ಅವನ ಹೆಣಕ್ಕೆ ಹೂವು ಓಬ್ಯಾನಿಯನ್ ಅಂಗಡಿಯದು!

ಈಗಿನ ಸಿಸೆರೊದಲ್ಲಿ ಮೆಕ್ಸಿಕೊ ಮೂಲದವರು ಹೆಚ್ಚು. ಸರ್ಮ್ಯಾಕ್ ರೋಡ್ ಉದ್ದಕ್ಕೂ ಟ್ಯಾಕೊ ಅಂಗಡಿ, ಬೇಕರಿ, ಮದುವೆ ಗೌನುಗಳ ಅಂಗಡಿ. ಕಪೋನ್ ಉಳಿಯುತ್ತಿದ್ದ ಹಾಥಾರ್ನ್ ಹೋಟೆಲ್ ಇದೇ ರಸ್ತೆಯಲ್ಲಿತ್ತು. 1926ರ ಸೆಪ್ಟೆಂಬರ್ 20ರಂದು ವೀಸ್ ಕಡೆಯ ಕಾರುಗಳು ಸಾಲಾಗಿ ಬಂದು ಸಾವಿರಕ್ಕೂ ಮೀರಿ ಗುಂಡು ಸುರಿಸಿದವು. ಕಪೋನ್ ನೆಲಕ್ಕೆ ಬಿದ್ದು ಉಳಿದ. ಕಾರಿನಲ್ಲಿ ಕೂತಿದ್ದ ಒಬ್ಬ ಹೆಂಗಸಿನ ಕಣ್ಣಿಗೆ ಏಟಾಯಿತು. ಅವಳ ಆಸ್ಪತ್ರೆ ಖರ್ಚು ಕಪೋನ್ ಕೊಟ್ಟ. ಇಂಥ ಕಥೆಗಳೇ ಜನರಿಗೆ ನೆನಪಿರುತ್ತವೆ. ಮೂರು ವಾರಕ್ಕೆ ವೀಸ್ ಸತ್ತದ್ದು ಮೇಲೆಯೇ ಹೇಳಿದೆ.

ನನಗೆ ಬೇಕಿದ್ದ ವಿಷಯ ಬೇರೆ. ಹೋಟೆಲಿನ ಪಕ್ಕದಲ್ಲಿ 'ಹಾಥಾರ್ನ್ ಸ್ಮೋಕ್ ಶಾಪ್' ಹೆಸರಿನ ಜೂಜುಕಟ್ಟೆ ಇತ್ತು. 1926ರ ಏಪ್ರಿಲ್‌ನಲ್ಲಿ ವಿಲಿಯಂ ಮೆಕ್‌ಸ್ವಿಗಿನ್ ಎಂಬ ಯುವ ಸರ್ಕಾರಿ ವಕೀಲ ಸಿಸೆರೊದಲ್ಲಿ ಗುಂಡೇಟಿಗೆ ಸತ್ತ. ಜನ ರೊಚ್ಚಿಗೆದ್ದರು. ಪೊಲೀಸರು ಜೂಜುಕಟ್ಟೆಗಳ ಮೇಲೆ ದಾಳಿ ಮಾಡಿದರು. ಕೈಗೆ ಸಿಕ್ಕ ಲೆಕ್ಕದ ಪುಸ್ತಕಗಳನ್ನೂ ಹೊತ್ತುಕೊಂಡು ಹೋದರು. ಆಮೇಲೆ ಅವು ಬೀರುವಿನಲ್ಲಿ ಧೂಳು ತಿನ್ನುತ್ತಾ ಬಿದ್ದವು. ನಾಲ್ಕು ವರ್ಷ ಯಾರೂ ಮುಟ್ಟಲಿಲ್ಲ.

ಮಧ್ಯಾಹ್ನ ಹುಡುಗ ಪಿಜ್ಜಾ ಬಿಟ್ಟು ಟ್ಯಾಕೊಗೆ ರಾಜಿಯಾದ. ನನಗೆ ಬೀನ್ಸ್, ಚೀಸ್ ಹಾಕಿದ್ದು. ಖಾರ ಚೆನ್ನಾಗಿತ್ತು.

ಭಾನುವಾರ: ಮನೆ ಮತ್ತು ಮಸಣ

ತಮ್ಮ ಕಾರು ತೆಗೆದ. ಮೊದಲು ದಕ್ಷಿಣಕ್ಕೆ, 7244 ಸೌತ್ ಪ್ರೇರಿ ಅವೆನ್ಯೂ. ಎರಡು ಮಹಡಿಯ ಇಟ್ಟಿಗೆ ಮನೆ, ಅಕ್ಕಪಕ್ಕದವುಗಳಿಗಿಂತ ಏನೂ ದೊಡ್ಡದಲ್ಲ. 1923ರಲ್ಲಿ ಕೊಂಡದ್ದು. ತಾಯಿ ತೆರೆಸಾ, ಹೆಂಡತಿ ಮೇ, ಮಗ ಸನ್ನಿ, ತಮ್ಮ ತಂಗಿಯರು ಎಲ್ಲ ಇಲ್ಲಿ. ಕಾಗದಪತ್ರ ಹೆಂಡತಿ ಮತ್ತು ತಾಯಿ ಹೆಸರಲ್ಲಿ. ಫ್ಲೋರಿಡಾದ ಪಾಮ್ ಐಲ್ಯಾಂಡ್ ಬಂಗಲೆಯೂ ಅವನ ಹೆಸರಲ್ಲಿರಲಿಲ್ಲ. ಈ ಬುದ್ಧಿ ಯಾವ ದೇಶದಲ್ಲಿದ್ದರೂ ಒಂದೇ. ಈಗ ಬೇರೆ ಯಾರೋ ವಾಸವಿರುವ ಮನೆ. ಕಾರಿನಿಂದ ಇಳಿಯಲಿಲ್ಲ, ನೋಡಿಕೊಂಡು ಮುಂದೆ ಹೋದೆವು.

ಪಶ್ಚಿಮಕ್ಕೆ ಹಿಲ್‌ಸೈಡ್ ಊರಿನಲ್ಲಿ ಮೌಂಟ್ ಕಾರ್ಮೆಲ್ ಸ್ಮಶಾನ. ಪೊದೆಗಳ ಹಿಂದೆ 'ಕಪೋನ್' ಎಂದು ಕೆತ್ತಿದ ಕುಟುಂಬದ ಕಲ್ಲು. ಅವನದು ನೆಲಮಟ್ಟದ ಚಿಕ್ಕ ಕಲ್ಲು, ಮೇಲೆ 'ನನ್ನ ಯೇಸುವೇ, ಕರುಣೆ' ಎಂಬ ಅರ್ಥದ ಇಂಗ್ಲಿಷ್ ಸಾಲು. ಯಾರೋ ಚಿಲ್ಲರೆ ಕಾಸು, ಸಿಗಾರ್ ಇಟ್ಟಿದ್ದರು. ಹೈಮಿ ವೀಸ್, ಓಬ್ಯಾನಿಯನ್ ಇಬ್ಬರೂ ಇದೇ ಸ್ಮಶಾನದಲ್ಲಿದ್ದಾರೆ. ಶಿಕಾಗೊದ ಬಿಷಪ್‌ಗಳ ಸಮಾಧಿಯೂ ಇಲ್ಲೇ.

1934ರಲ್ಲಿ ಆಲ್ಕಟ್ರಾಝ್ ಜೈಲಿಗೆ ಹೋದಾಗ ಅವನ ನಂಬರು 85. ಅಲ್ಲಿ ಬ್ಯಾಂಜೊ ನುಡಿಸಿದ, ಕೈದಿಯೊಬ್ಬನಿಂದ ಕತ್ತರಿಯಿಂದ ತಿವಿಸಿಕೊಂಡ. ಹರೆಯದಲ್ಲಿ ಅಂಟಿದ್ದ ಸಿಫಿಲಿಸ್ ಮಿದುಳಿಗೆ ಏರಿತ್ತು. 1939ರಲ್ಲಿ ಬಿಡುಗಡೆಯಾದಾಗ ಗ್ಯಾಂಗ್ ನಡೆಸುವ ತಲೆ ಉಳಿದಿರಲಿಲ್ಲ. ಪೆನಿಸಿಲಿನ್ ಪಡೆದ ಮೊದಲ ಸಾಮಾನ್ಯ ರೋಗಿಗಳಲ್ಲಿ ಅವನೂ ಒಬ್ಬ, ಆದರೆ ತುಂಬಾ ತಡ. 1947ರ ಜನವರಿ 25ರಂದು ಫ್ಲೋರಿಡಾದಲ್ಲಿ ಹಾಸಿಗೆಯ ಮೇಲೆ ಸತ್ತ. 48 ವರ್ಷ.

"ಬಡವರಿಗೆ ಗಂಜಿ ಕೇಂದ್ರ ತೆರೆದಿದ್ದನಲ್ಲ?" ಅಂದ ತಮ್ಮ. ಹೌದು, 1930ರಲ್ಲಿ ಸೌತ್ ಸ್ಟೇಟ್ ಸ್ಟ್ರೀಟ್‌ನಲ್ಲಿ. ಕೆಲಸ ಕಳೆದುಕೊಂಡವರಿಗೆ ಸೂಪು, ಬ್ರೆಡ್ಡು, ಕಾಫಿ ಪುಕ್ಕಟೆ. ಅದೇ ವರ್ಷ ಶಿಕಾಗೊ ಕ್ರೈಂ ಕಮಿಷನ್ ಅವನನ್ನು ಸಾರ್ವಜನಿಕ ಶತ್ರುಗಳ ಪಟ್ಟಿಯಲ್ಲಿ ಮೊದಲಿಗೆ ಇಟ್ಟಿತ್ತು, ತೆರಿಗೆಯವರೂ ಬೆನ್ನು ಹತ್ತಿದ್ದರು. ಹೆಸರು ತೊಳೆದುಕೊಳ್ಳಲು ಅದಕ್ಕಿಂತ ಅಗ್ಗದ ದಾರಿ ಇರಲಿಲ್ಲ. ತಮ್ಮನಿಗೆ ನನ್ನ ಮಾತು ಪೂರ್ತಿ ಒಪ್ಪಿಗೆಯಾಗಲಿಲ್ಲ. ಹಸಿದವನಿಗೆ ಸೂಪು ಸೂಪೇ ತಾನೆ ಅಂದ.

ಸೋಮವಾರ: ಕೋರ್ಟು

ಇದಕ್ಕೇ ನಾನು ಬಂದದ್ದು. ಡಿಯರ್‌ಬಾರ್ನ್ ಸ್ಟ್ರೀಟ್‌ನ ಫೆಡರಲ್ ಪ್ಲಾಝಾ. ಕಪೋನ್ ವಿಚಾರಣೆ ನಡೆದ ಗುಮ್ಮಟದ ಕೋರ್ಟು ಕಟ್ಟಡವನ್ನು 1965ರಲ್ಲಿ ಕೆಡವಿದರು. ಈಗ ಅಲ್ಲಿ ಕಪ್ಪು ಉಕ್ಕು ಮತ್ತು ಗಾಜಿನ ಕಟ್ಟಡಗಳು, ಅಂಗಳದಲ್ಲಿ ಕಾಲ್ಡರ್ ಮಾಡಿದ 'ಫ್ಲೆಮಿಂಗೊ' ಎಂಬ ಭಾರಿ ಕೆಂಪು ಶಿಲ್ಪ. ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ಗೂ ಇಲ್ಲಿ ಕಚೇರಿ ಇದೆ. ಹುಡುಗ ಶಿಲ್ಪದ ಕೆಳಗೆ ನಿಂತು ಫೋಟೊ ತೆಗೆಸಿಕೊಂಡ. ನಾನು ಐಆರ್‌ಎಸ್ ಬೋರ್ಡಿನ ಪಕ್ಕ.

ಕಥೆ ಶುರುವಾಗುವುದು 1927ರಲ್ಲಿ. ಕಳ್ಳ ಹೆಂಡದ ವ್ಯಾಪಾರಿ ಸಲಿವನ್ ಎಂಬವನ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಅಕ್ರಮ ಸಂಪಾದನೆಗೂ ತೆರಿಗೆ ಇದೆ, ರಿಟರ್ನ್ ಹಾಕಲೇಬೇಕು ಎಂದಿತು. ನಮ್ಮಲ್ಲೂ ಕಾನೂನು ಹಾಗೆಯೇ. 1980ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗಡಿಯಲ್ಲಿ ಸಿಕ್ಕಿಬಿದ್ದ ಕಳ್ಳಸಾಗಣೆಗಾರನಿಂದ ವಶಪಡಿಸಿಕೊಂಡ 65,500 ರೂಪಾಯಿಯನ್ನು ಅವನ ವ್ಯಾಪಾರದ ನಷ್ಟ ಎಂದು ಕಳೆಯಲು ಒಪ್ಪಿತು. ಲಾಭಕ್ಕೆ ತೆರಿಗೆ ಕೇಳಿದರೆ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ಆಗಿನ ಸರಳ ತರ್ಕ. ಇದನ್ನು ಹುಡುಗನಿಗೆ ಹೇಳಿದಾಗ ಅವನು ಫೋನ್ ಕೆಳಗಿಟ್ಟು ಕೇಳಿದ್ದು ನನಗೆ ಹೆಮ್ಮೆ.

ಕಪೋನ್‌ಗೆ ಬ್ಯಾಂಕ್ ಖಾತೆ ಇರಲಿಲ್ಲ, ಚೆಕ್ಕಿಗೆ ಸಹಿ ಇರಲಿಲ್ಲ, ರಿಟರ್ನ್ ಅಂತೂ ಇಲ್ಲವೇ ಇಲ್ಲ. ತೆರಿಗೆ ಇಲಾಖೆಯ ಫ್ರಾಂಕ್ ವಿಲ್ಸನ್ ಅವನ ಖರ್ಚನ್ನು ಹುಡುಕುತ್ತಾ ಹೊರಟ. ಹೋಟೆಲ್ ಬಿಲ್ಲು, ಫೋನ್ ಬಿಲ್ಲು, ರೇಷ್ಮೆ ಅಂಗಿ, ವಜ್ರದ ಬೆಲ್ಟ್ ಬಕಲ್. ಆದಾಯ ಇಲ್ಲದೆ ಇಷ್ಟು ಖರ್ಚು ಹೇಗೆ? ಆಮೇಲೆ 1930ರಲ್ಲಿ ಆ ಸಿಸೆರೊ ಲೆಕ್ಕದ ಪುಸ್ತಕ ಕಣ್ಣಿಗೆ ಬಿತ್ತು. ಲಾಭ ಹಂಚಿದ ಕಡೆ 'ಎ', 'ಅಲ್' ಎಂಬ ಗುರುತುಗಳು. ಕೈಬರಹವನ್ನು ಹಿಡಿದು ಅದನ್ನು ಬರೆದ ಗುಮಾಸ್ತ ಲೆಸ್ಲಿ ಶಮ್‌ವೇಯನ್ನು ಮಯಾಮಿಯಲ್ಲಿ ಪತ್ತೆ ಹಚ್ಚಿದರು. ನಾಯಿ ರೇಸಿನ ಮೈದಾನದಲ್ಲಿ ಕೆಲಸಕ್ಕಿದ್ದ. ಸಾಕ್ಷಿ ಹೇಳುವವರೆಗೂ ಅವನನ್ನು ಬಚ್ಚಿಟ್ಟರು.

ಇನ್ನೊಂದು ಏಟು ಕೊಟ್ಟವನು ಕಪೋನ್‌ನದೇ ವಕೀಲ. ರಾಜಿ ಮಾಡಿಕೊಳ್ಳಲು ಇಲಾಖೆಗೆ ಬರೆದ ಪತ್ರದಲ್ಲಿ, 1928 ಮತ್ತು 1929ರಲ್ಲಿ ನನ್ನ ಕಕ್ಷಿದಾರನ ಆದಾಯ ವರ್ಷಕ್ಕೆ ಲಕ್ಷ ಡಾಲರ್ ಮೀರಲಾರದು ಎಂದ. ಒಂದು ಡಾಲರೂ ಇಲ್ಲ ಎನ್ನುತ್ತಿದ್ದವನ ಪರವಾಗಿ ಲಿಖಿತದಲ್ಲಿ ಲಕ್ಷ ಒಪ್ಪಿಕೊಂಡ ಹಾಗಾಯಿತು! ಕೇಳದ ಪ್ರಶ್ನೆಗೆ ಉತ್ತರ ಬರೆಯಬೇಡಿ ಎಂದು ನಾನು ಗಿರಾಕಿಗಳಿಗೆ ದಿನಾ ಹೇಳುತ್ತೇನೆ.

ತಪ್ಪೊಪ್ಪಿದರೆ ಎರಡೂವರೆ ವರ್ಷ ಎಂದು ಒಳಗೊಳಗೇ ಮಾತಾಗಿತ್ತು. ನ್ಯಾಯಾಧೀಶ ಜೇಮ್ಸ್ ವಿಲ್ಕರ್ಸನ್ ಚೌಕಾಸಿಗೆ ಒಪ್ಪಲಿಲ್ಲ. 1931ರ ಅಕ್ಟೋಬರ್ 6ಕ್ಕೆ ವಿಚಾರಣೆ. ಜ್ಯೂರಿಯವರನ್ನು, ಅಂದರೆ ತೀರ್ಪು ಹೇಳಲು ಆರಿಸಿದ ಸಾಮಾನ್ಯ ಜನರನ್ನು, ಕಪೋನ್ ಕಡೆಯವರು ಕೊಳ್ಳುತ್ತಿದ್ದಾರೆ ಎಂಬ ಸುಳಿವು ಮೊದಲೇ ಬಂದಿತ್ತು. ವಿಲ್ಕರ್ಸನ್ ಆ ಬೆಳಿಗ್ಗೆ ಇನ್ನೊಂದು ಕೋರ್ಟಿನ ಜ್ಯೂರಿ ಪಟ್ಟಿಗೆ ತನ್ನದನ್ನು ಅದಲುಬದಲು ಮಾಡಿಬಿಟ್ಟ. 17ರಂದು ತೀರ್ಪು, 24ರಂದು ಶಿಕ್ಷೆ: 11 ವರ್ಷ ಜೈಲು, 50,000 ಡಾಲರ್ ದಂಡ. ಸಿನಿಮಾ ನೋಡಿದವರು ಪಾನನಿಷೇಧದ ಅಧಿಕಾರಿ ಎಲಿಯಟ್ ನೆಸ್ ಹೆಸರು ಹೇಳುತ್ತಾರೆ. ನೆಸ್ ಕಳ್ಳ ಬಿಯರ್ ಕಾರ್ಖಾನೆಗಳನ್ನು ಒಡೆದದ್ದು ನಿಜ. ಆದರೆ ಪಾನನಿಷೇಧ ಮುರಿದದ್ದಕ್ಕೆ ಕಪೋನ್ ಮೇಲೆ ಹಾಕಿದ್ದ ದೊಡ್ಡ ಆರೋಪಪಟ್ಟಿ ವಿಚಾರಣೆಗೇ ಬರಲಿಲ್ಲ. ಗೆದ್ದದ್ದು ಬಿಲ್ಲು, ಲೆಡ್ಜರು, ಗುಮಾಸ್ತ.

ಮಂಗಳವಾರ: ಓಹೇರ್

ಫ್ರಾಂಕ್‌ಫರ್ಟ್ ವಿಮಾನ ಸಂಜೆಗೆ. ಬೇಗ ಹೊರಡೋಣ ಅಂದೆ, ಎರಡನೇ ಟರ್ಮಿನಲ್‌ನಲ್ಲಿ ನಿಲ್ಲಿಸಿರುವ ಹಳೆಯ ಯುದ್ಧವಿಮಾನ ನೋಡುವುದಿತ್ತು. ಬುಚ್ ಓಹೇರ್ ಹಾರಿಸಿದ ವೈಲ್ಡ್‌ಕ್ಯಾಟ್ ಮಾದರಿಯದು. 1942ರ ಫೆಬ್ರವರಿಯಲ್ಲಿ ಈ ಯುವ ಪೈಲಟ್, ತನ್ನ ಹಡಗಿನ ಮೇಲೆ ನುಗ್ಗಿಬಂದ ಜಪಾನಿ ಬಾಂಬರ್‌ಗಳನ್ನು ಹೆಚ್ಚುಕಡಿಮೆ ಒಬ್ಬನೇ ಎದುರಿಸಿದ. ಕಪೋನ್ ಇದ್ದ ಹೋಟೆಲಿನ ಹಾಗೆ ಹಡಗಿನ ಹೆಸರೂ ಲೆಕ್ಸಿಂಗ್ಟನ್. ಮೆಡಲ್ ಆಫ್ ಆನರ್ ಬಂತು. ಮರುವರ್ಷ ಯುದ್ಧದಲ್ಲೇ ಕಳೆದುಹೋದ. 1949ರಲ್ಲಿ ಈ ವಿಮಾನ ನಿಲ್ದಾಣಕ್ಕೆ ಅವನ ಹೆಸರಿಟ್ಟರು.

ಅವನ ಅಪ್ಪ ಎಡ್ಡಿ ಓಹೇರ್. ವಕೀಲ, ಕಪೋನ್ ಗ್ಯಾಂಗಿನ ನಾಯಿ ರೇಸುಗಳನ್ನು ನಡೆಸುತ್ತಿದ್ದವನು. ತೆರಿಗೆ ಇಲಾಖೆಗೆ ಒಳಗಿನ ಸುದ್ದಿ ಕೊಡುತ್ತಿದ್ದವನೂ ಅವನೇ. ಜ್ಯೂರಿಯ ಸುಳಿವು ಬಂದದ್ದೂ ಅವನ ಕಡೆಯಿಂದ. 1939ರ ನವೆಂಬರ್ 8ರಂದು ಶಿಕಾಗೊದ ಆಗ್ಡನ್ ಅವೆನ್ಯೂನಲ್ಲಿ ಕಾರು ಓಡಿಸುತ್ತಿದ್ದಾಗ ಅವನನ್ನು ಗುಂಡಿಟ್ಟು ಕೊಂದರು. ಎಂಟು ದಿನಕ್ಕೆ ಕಪೋನ್ ಬಿಡುಗಡೆಯಾದ.

"ಅತ್ತೆ, ಎಡ್ಡಿ ಮಾತ್ರ ಟ್ಯಾಕ್ಸ್ ಸರಿಯಾಗಿ ಕಟ್ಟಿದ್ದನಾ?" ಅಂದ ಹುಡುಗ.

"ಅವನ ರಿಟರ್ನ್ ನಾನು ತುಂಬಿಲ್ಲ ಕಣೋ" ಅಂದು ಸೂಟ್‌ಕೇಸ್ ತೂಕದ ಯಂತ್ರದ ಕಡೆಗೆ ತಳ್ಳಿದೆ.